ಜಪಾನಿ ನಕ್ಷೆಯ ಸ್ವೆಟರ್: ಜಡೆ ಎದ್ದು ಕಾಣ್ತಿಲ್ಲ, ಬಾರ್ಡರ್ ಹರಡಿಕೊಂಡಿದೆ, ಕಂಕುಳು ಕೂರ್ತಿಲ್ಲ

ತೋಟದಮನೆ_ಉಲ್ಲನ್ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಟೋಕಿಯೋದಲ್ಲಿರುವ ನಾದಿನಿ ಊರಿಗೆ ಬಂದಾಗ ತೋಳಿಲ್ಲದ ಸ್ವೆಟರಿನ ಒಂದು ಜಪಾನಿ ನಕ್ಷೆ ತಂದುಕೊಟ್ಟಳು. ಇಡೀ ಸ್ವೆಟರಿಗೆ ಒಂದೇ ಹಾಳೆ. ಬರಹ ಅನ್ನೋದು ನಾಲ್ಕು ಸಾಲಿಲ್ಲ, ಬರೀ ಚಿತ್ರ, ಚೌಕ, ಅಂಕಿ. ಹದಿನೈದು ವರ್ಷದಿಂದ ಹೆಣೀತಿದ್ದೀನಿ, ಅಂಕಿ ನೋಡಿಕೊಂಡೇ ಮುಗಿಸಬಹುದು ಅಂತ ಮಾವನವರಿಗೆ ಶುರುಮಾಡಿದೆ. ಬೆನ್ನಿನ ಭಾಗ ಕುತ್ತಿಗೆವರೆಗೆ ಬಂದಿದೆ. ಈಗ ನೋಡಿದರೆ ಮೂರು ಕಡೆ ಎಡವಟ್ಟಾಗಿದೆ.

ಒಂದು, ಹಾಳೆಯ ಫೋಟೋದಲ್ಲಿ ಜಡೆ ಹಗ್ಗದ ಹಾಗೆ ಉಬ್ಬಿ ನಿಂತಿದೆ. ನನ್ನದರಲ್ಲಿ ಸುತ್ತಲಿನ ಬಟ್ಟೆಯೊಳಗೇ ಮುಳುಗಿಹೋಗಿದೆ. ತಿರುವು ಎಲ್ಲೂ ತಪ್ಪಿಲ್ಲ, ನಾಲ್ಕು ಸಲ ಎಣಿಸಿದ್ದೀನಿ.

ಎರಡು, ಬಾರ್ಡರಿಗೆ 6, ಮೈಗೆ 8 ನಂಬರ್ ಕಡ್ಡಿ ಅಂತಿತ್ತು, ಹಾಗೇ ಮಾಡಿದೆ. 10 ಸೆಂ.ಮೀ.ಗೆ 22 ಕುಣಿಕೆ ಬರಬೇಕಿತ್ತು, ನನಗೆ 25 ಬರ್ತಿದೆ. 100 ಕುಣಿಕೆಗೆ 45 ಸೆಂ.ಮೀ. ಚಿಲ್ಲರೆ ಆಗಬೇಕಿದ್ದ ಅಗಲ 40ಕ್ಕೇ ನಿಂತಿದೆ. ಬಾರ್ಡರ್ ಮಾತ್ರ ಲಂಗದ ಅಂಚಿನ ಹಾಗೆ ಹರಡಿಕೊಂಡಿದೆ!

ಮೂರು, ಕಂಕುಳಿನ ಹತ್ತಿರ ಅಂಕಿಗಳನ್ನು ಒಂದರ ಮೇಲೊಂದು ಬರೆದಿದ್ದಾರೆ. ಮೇಲಿನಿಂದ ನೋಡಿದರೆ: 36 ಸಾಲು ಹಾಗೇ, 4-1-2, 2-1-3, 2-2-2, ಕೊನೆಗೆ 4 ಮುಚ್ಚು. ಅದೇ ಕ್ರಮದಲ್ಲಿ ಹೆಣೆದೆ. ಕಂಕುಳು ನೆಟ್ಟಗೆ ಹೋಗಿ ಭುಜದ ಹತ್ತಿರ ಒಂದೇ ಸಲ ಒಳಗೆ ನುಗ್ಗಿದೆ. ಯಾರಾದರೂ ದಾರಿ ತೋರಿಸಿ, ದಯವಿಟ್ಟು.

ಅಜ್ಜಿಕಡ್ಡಿ (ಧಾರವಾಡ)

ತಂಗಿ, ನಿನ್ನ ಕೈ ಬಿಗಿ ಇರಬೇಕು ನೋಡು. ಉಗುರುಬೆಚ್ಚಗಿನ ನೀರಾಗ ಅದ್ದಿ, ಟವೆಲ್‌ನಾಗ ಹಿಂಡಿ, ಹಾಸಿಗಿ ಮ್ಯಾಲ ಪಿನ್ ಚುಚ್ಚಿ ಹಾಸು. ಅಗಲ ಸ್ವಲ್ಪ ಬಿಡತದ. ಜಪಾನಿ ಅಂಕಿ ನನಗ ತಿಳಿಯೂದಿಲ್ಲ, ತಿಳಿದವರು ಹೇಳ್ತಾರ.

ಬಿದಿರುಕಡ್ಡಿ (ಟೋಕಿಯೋ)

ಕೈ ಬಿಗಿ ಇದ್ದಿದ್ದರೆ ಬಾರ್ಡರೂ ಬಿಗಿಯಾಗಬೇಕಿತ್ತಲ್ವಾ ಅಕ್ಕ. ಅದು ಹರಡಿದೆ ಅಂದ ಕೂಡಲೇ ನನಗೆ ಕಡ್ಡಿಯ ಮೇಲೆ ಅನುಮಾನ ಬಂತು. ನಿಮ್ಮ ಕಡ್ಡಿ ಯಾವ ಕಾಲದ್ದು? ತಲೆಯ ಮೇಲೆ ಬರೀ ನಂಬರ್ ಇದೆಯೋ, ಮಿ.ಮೀ. ಕೂಡ ಇದೆಯೋ? ಇನ್ನೊಂದು ಮಾತು, ಹಾಳೆಯ ಮೂಲೆಯಲ್ಲಿ ಒಂದು ಖಾಲಿ ಚೌಕ, ಪಕ್ಕದಲ್ಲಿ ಸಮ ಚಿಹ್ನೆ, ಅದರಾಚೆ ಒಂದು ಗೆರೆ ಇರಬೇಕು. ಆ ಗೆರೆ ನಿಂತಿದೆಯಾ, ಮಲಗಿದೆಯಾ ನೋಡಿ ಹೇಳಿ.

ತೋಟದಮನೆ_ಉಲ್ಲನ್

ಅಮ್ಮನ ಕಾಲದ ಅಲ್ಯೂಮಿನಿಯಂ ಕಡ್ಡಿ, ಬರೀ ನಂಬರ್ ಇದೆ. ಖಾಲಿ ಚೌಕ ಸಿಕ್ಕಿತು, ಕಾಣದಷ್ಟು ಸಣ್ಣದಾಗಿ ಹಾಕಿದ್ದಾರೆ. ಗೆರೆ ಮಲಗಿದೆ.

ಬಿದಿರುಕಡ್ಡಿ

ಹಾಗಾದರೆ ಮೂರಕ್ಕೂ ಕಾರಣ ಸಿಕ್ಕಿತು.

ಮೊದಲು ಜಡೆ. ನಿಂತ ಗೆರೆ ಅಂದರೆ ಸೀದಾ (ಮುಂಭಾಗದಲ್ಲಿ ನುಣುಪಾಗಿ ಕಾಣುವ ಕುಣಿಕೆ), ಮಲಗಿದ ಗೆರೆ ಅಂದರೆ ಉಲ್ಟಾ (ಮುಂಭಾಗದಲ್ಲಿ ಅಡ್ಡ ಉಬ್ಬಾಗಿ ಕಾಣುವ ಕುಣಿಕೆ). ನಕ್ಷೆ ತುಂಬ ಒಂದೇ ಗುರುತು ಬರೆದರೆ ಕಣ್ಣಿಗೆ ಗಜಿಬಿಜಿ ಅಂತ, ಜಾಸ್ತಿ ಬರುವ ಕುಣಿಕೆಯ ಚೌಕವನ್ನು ಖಾಲಿ ಬಿಟ್ಟು, ಆ ಖಾಲಿ ಅಂದರೆ ಏನು ಅಂತ ಮೂಲೆಯಲ್ಲಿ ಒಂದೇ ಕಡೆ ಹೇಳಿಬಿಡ್ತಾರೆ. ಒಂದು ನಕ್ಷೆಯಲ್ಲಿ ಖಾಲಿ ಅಂದರೆ ಸೀದಾ, ಇನ್ನೊಂದರಲ್ಲಿ ಉಲ್ಟಾ. ನಿಮ್ಮದರಲ್ಲಿ ಉಲ್ಟಾ. ನೀವು ಬಹುಶಃ ಎಲ್ಲವನ್ನೂ ಸೀದಾ ಹೆಣೆದಿದ್ದೀರಿ. ಉಲ್ಟಾ ನೆಲ ಹಿಂದಕ್ಕೆ ಸರಿದರೆ ತಾನೇ ಸೀದಾ ಜಡೆ ಮುಂದೆ ಬರೋದು? ನೆಲವೂ ಜಡೆಯೂ ಒಂದೇ ಆದರೆ ಮುಳುಗದೆ ಇನ್ನೇನು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇದೊಂದು ಗೊತ್ತಾದರೆ ಯಾವ ಜಪಾನಿ ನಕ್ಷೆಗೂ ಹೆದರಬೇಕಿಲ್ಲ. ಇಲ್ಲಿ ಹೆಣಿಗೆಯ ಗುರುತುಗಳಿಗೆ ಸರ್ಕಾರಿ ಮಾನಕವೇ ಇದೆ, ಜೆಐಎಸ್ ಎಲ್ 0201 ಅಂತ. ನಾವು ಐಎಸ್‌ಐ ಗುರುತು ನೋಡ್ತೀವಲ್ಲ, ಆ ಥರದ್ದು. ಪ್ರತಿ ಚೌಕವೂ ಬಟ್ಟೆಯ ಮುಂಭಾಗ ಹೇಗೆ ಕಾಣಬೇಕು ಅನ್ನೋದರ ಚಿತ್ರ. ಕೈ ಏನು ಮಾಡಬೇಕು ಅಂತ ಅದು ಹೇಳೋದಿಲ್ಲ. ಎರಡು ಕುಣಿಕೆ ಸೇರಿಸುವ ಗುರುತಿನಲ್ಲಿ ಉದ್ದ ಗೆರೆ ಬಲಕ್ಕೆ ವಾಲಿದ್ದರೆ ಬಟ್ಟೆಯ ಮೇಲೂ ಎಡಗಡೆ ಕುಣಿಕೆ ಮೇಲೆ ಬಂದು ಬಲಕ್ಕೆ ವಾಲಿರುತ್ತೆ. ಜಡೆಯ ಗುರುತಿನಲ್ಲಿ ತುಂಡಾಗದೆ ಹೋಗುವ ಗೆರೆಯೇ ಮುಂದಿನ ಎಳೆ, ತುಂಡಾದದ್ದು ಹಿಂದಿನದು. ನಕ್ಷೆ ಮುಂಭಾಗದ್ದು ಆದ್ದರಿಂದ ಹಿಂಬದಿಯ ಸಾಲು ಬಂದಾಗ ಎಡದಿಂದ ಬಲಕ್ಕೆ ಓದಿ, ನಿಂತ ಗೆರೆಗೆ ಉಲ್ಟಾ ಹಾಕಿ, ಮಲಗಿದ ಗೆರೆಗೆ ಸೀದಾ.

ಇನ್ನು ಕಡ್ಡಿ. ಜಪಾನಿನಲ್ಲಿ ಸೊನ್ನೆ ನಂಬರ್ ಅಂದರೆ 2.1 ಮಿ.ಮೀ., ಅಲ್ಲಿಂದ ಪ್ರತಿ ನಂಬರಿಗೆ 0.3 ದಪ್ಪವಾಗುತ್ತಾ 15ಕ್ಕೆ 6.6 ಆಗುತ್ತೆ. ಅಂದರೆ 8 ನಂಬರ್ 4.5, 6 ನಂಬರ್ 3.9. ನಮ್ಮ ಹಳೇ ಕಡ್ಡಿಗಳ ನಂಬರ್ ಬ್ರಿಟಿಷರ ಲೆಕ್ಕ, ಅದು ತಿರುಗುಮುರುಗು: ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮ್ಮನ 8 ಅಂದರೆ 4.0 ಮಿ.ಮೀ., 6 ಅಂದರೆ 5.0. ಮೈಗೆ ಬೇಕಾದದ್ದಕ್ಕಿಂತ ಸಣ್ಣ ಕಡ್ಡಿ, ಬಾರ್ಡರಿಗೆ ದಪ್ಪ ಕಡ್ಡಿ ಬಿತ್ತು. ಮೈ ಕುಗ್ಗಿತು, ಬಾರ್ಡರ್ ಹರಡಿತು. ಹೊಸದಾಗಿ ಕೊಳ್ಳಬೇಕಾದದ್ದು ಒಂದೇ ಜೊತೆ: ಮೈಗೆ ನಮ್ಮ ಲೆಕ್ಕದ 7, ಅದು ಸರಿಯಾಗಿ 4.5. ಬಾರ್ಡರಿಗೆ ನಿಮ್ಮ 8 ನಂಬರೇ ಸಾಕು, 3.9ಕ್ಕೆ ಬರೀ ಒಂದು ಕೂದಲೆಳೆ ಜಾಸ್ತಿ. ಮಿ.ಮೀ. ನೋಡದೆ ಜಪಾನಿ ನಕ್ಷೆಗೆ ಕಡ್ಡಿ ಹಿಡಿಯಲೇಬೇಡಿ.

ಕಂಕುಳು: ಬಟ್ಟೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತೆ, ಆ ಅಂಕಿಗಳನ್ನೂ ಕೆಳಗಿನಿಂದಲೇ ಓದಬೇಕು. ಮೂರು ಅಂಕಿಯ ಕ್ರಮ ದಾನ್, ಮೆ, ಕಾಯ್. ಅಂದರೆ ಸಾಲು, ಕುಣಿಕೆ, ಸಲ. (ಮೆ ಅಂದರೆ ಜಪಾನಿಯಲ್ಲಿ ಕಣ್ಣು. ನಾವು ಬಲೆಗೆ ಕಣ್ಣು ಅಂತೀವಲ್ಲ, ಹಾಗೆ. ನನಗೆ ತುಂಬ ಇಷ್ಟದ ಪದ.) ಮೊದಲು 4 ಕುಣಿಕೆ ಮುಚ್ಚಿ. ಆಮೇಲೆ ಎರಡು ಸಾಲಿಗೊಮ್ಮೆ ಎರಡೆರಡು, ಎರಡು ಸಲ. ಎರಡು ಸಾಲಿಗೊಮ್ಮೆ ಒಂದೊಂದು, ಮೂರು ಸಲ. ನಾಲ್ಕು ಸಾಲಿಗೊಮ್ಮೆ ಒಂದೊಂದು, ಎರಡು ಸಲ. ಆಮೇಲೆ 36 ಸಾಲು ಹಾಗೇ. ಒಂದು ಬದಿಗೆ 13, ಎರಡೂ ಸೇರಿ 26 ಹೋಗಿ 74 ಕುಣಿಕೆ ಉಳಿಯುತ್ತೆ, ಭುಜಕ್ಕೆ ಸುಮಾರು 33.6 ಸೆಂ.ಮೀ. ಒಂದಕ್ಕಿಂತ ಜಾಸ್ತಿ ಕುಣಿಕೆ ಮುಚ್ಚೋದು ಸಾಲಿನ ಆರಂಭದಲ್ಲಿ ಮಾತ್ರ ಆಗುತ್ತೆ, ಅದಕ್ಕೇ ಎಡಬದಿಯದು ಒಂದು ಸಾಲು ತಡವಾಗಿ ಬರುತ್ತೆ. ಅದು ತಪ್ಪಲ್ಲ.

ಹೇಳೋಕೆ ಬೇಜಾರು ಅಕ್ಕ, ಆದರೆ ಪೂರ್ತಿ ಬಿಚ್ಚಬೇಕು. ನೆಲವೇ ತಪ್ಪಿರುವಾಗ ಕಂಕುಳಷ್ಟೇ ಸರಿಮಾಡಿ ಪ್ರಯೋಜನವಿಲ್ಲ.

ತೋಟದಮನೆ_ಉಲ್ಲನ್

ನಿಂತ ಗೆರೆಗಳನ್ನು ಜಡೆ ಹೋಗುವ ದಾರಿ ತೋರಿಸಲು ಹಾಕಿದ್ದಾರೆ ಅಂದುಕೊಂಡಿದ್ದೆ! ನಿನ್ನೆ ರಾತ್ರಿಯೇ ಬಿಚ್ಚಿದೆ. ಪೇಟೆಯಿಂದ 7 ನಂಬರ್ ತಂದು, ಹಳೇ ಉಂಡೆಯಲ್ಲಿ ಉಳಿದಿದ್ದ ನೂಲಿನಲ್ಲಿ 30 ಕುಣಿಕೆಯ ಮಾದರಿ ಹೆಣೆದೆ. 22 ಕುಣಿಕೆ, 29 ಸಾಲು ಬಂತು. ಜಡೆಯ ಮೇಲೆ ಬೆರಳಾಡಿಸಿದರೆ ಏರಿಳಿತ ಕೈಗೆ ಸಿಗ್ತಿದೆ. ಬಿದಿರುಕಡ್ಡಿಯವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಇನ್ನೆರಡು ಕೇಳಬೇಕಿತ್ತು. ಜಡೆಗಳ ನಡುವೆ ಮೂರು ಚೌಕಕ್ಕೆ ಹರಡಿದ ಒಂದು ಕಮಾನು ಇದೆ, ಅದರ ಕೆಳಗೆ ಗೆರೆ, ಸೊನ್ನೆ, ಗೆರೆ. ಸೊನ್ನೆಗೆ ನೂಲು ಸುತ್ತಿದರೆ ಪ್ರತಿ ಸಲ ಒಂದು ಕುಣಿಕೆ ಜಾಸ್ತಿ ಆಗ್ತಿದೆ. ಇನ್ನೊಂದು, ಬಿಚ್ಚಿದ ನೂಲು ಗುಂಗುರು ಗುಂಗುರಾಗಿದೆ, ಹಾಗೇ ಹೆಣೆಯಬಹುದಾ?

ಬಿದಿರುಕಡ್ಡಿ

ಆ ಕಮಾನೂ ಒಂದು ಕುಣಿಕೆಯೇ ಅಕ್ಕ, ಪಕ್ಕದ ಎರಡನ್ನು ಅಪ್ಪಿಕೊಂಡಿರುವ ಕುಣಿಕೆ. ಎಡಗೈ ಕಡ್ಡಿಯಲ್ಲಿ ತುದಿಯಿಂದ ಮೂರನೆಯದನ್ನು ಬಲಗಡ್ಡಿಯ ಮೊನೆಯಿಂದ ಎತ್ತಿ, ಮೊದಲೆರಡರ ಮೇಲೆ ದಾಟಿಸಿ ಕೆಳಗೆ ಬಿಡಿ. ಈಗ ಎರಡೇ ಉಳಿದವು. ಒಂದು ಸೀದಾ, ನೂಲು ಸುತ್ತು, ಇನ್ನೊಂದು ಸೀದಾ. ಮತ್ತೆ ಮೂರಾಯಿತು. ನೀವು ದಾಟಿಸೋದನ್ನು ಬಿಟ್ಟು ಸುತ್ತು ಮಾತ್ರ ಹಾಕಿದ್ದೀರಿ, ಅದಕ್ಕೇ ಒಂದು ಜಾಸ್ತಿ. ಎತ್ತುವಾಗ ಕುಣಿಕೆ ಬಿಗಿ ಅನ್ನಿಸಿದರೆ ಹಿಂದಿನ ಸಾಲಿನಲ್ಲಿ ಆ ಮೂರನ್ನು ಸ್ವಲ್ಪ ಸಡಿಲವಾಗಿ ಹೆಣೆಯಿರಿ. ನಾಲ್ಕೈದು ಸಾಲು ಬಂದ ಮೇಲೆ ದೂರದಿಂದ ನೋಡಿ, ಪೈರಿನ ಸಣ್ಣ ಸಣ್ಣ ಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಕಾಣುತ್ತೆ.

ನೂಲಿನ ವಿಷಯ ಅಜ್ಜಿಕಡ್ಡಿಯವರೇ ಹೇಳಲಿ.

ಅಜ್ಜಿಕಡ್ಡಿ

ಹಾಂಗ ಹೆಣೀಬ್ಯಾಡ ತಂಗಿ, ಕುಣಿಕಿ ಒಂದು ದೊಡ್ಡದು ಒಂದು ಸಣ್ಣದು ಆಗತದ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡು. ನಾಲ್ಕು ಕಡೆ ಬ್ಯಾರೆ ನೂಲಿನಿಂದ ಸಡಿಲ ಕಟ್ಟು, ಬಿಗಿ ಕಟ್ಟಿದರ ಅಲ್ಲಿ ನೀರು ಇಳಿಯೂದಿಲ್ಲ. ಉಗುರುಬೆಚ್ಚಗಿನ ನೀರಾಗ ಅರ್ಧ ತಾಸು ಬಿಡು, ತಿಕ್ಕಬ್ಯಾಡ. ಟವೆಲ್‌ನಾಗ ಒತ್ತಿ ನೆರಳಾಗ ತೂಗುಹಾಕು. ತುಸು ಗುಂಗುರು ಉಳಿದರ ಕೆಳಗ ಒಂದು ಹಗುರ ಸೌಟು ಕಟ್ಟು. ಪೂರ್ತಿ ಆರೂ ತನಕ ಉಂಡಿ ಸುತ್ತಬ್ಯಾಡ.

ತೋಟದಮನೆ_ಉಲ್ಲನ್

ಏಳು ಲಡಿ ಜಗಲಿಯ ಗಳದ ಮೇಲೆ ತೂಗ್ತಿವೆ, ಒಂದೊಂದಕ್ಕೂ ಒಂದೊಂದು ಸೌಟು. ಇಲ್ಲಿ ಮೋಡ ಇದೆ, ಆರೋಕೆ ಎರಡು ದಿನ ಬೇಕು. ಅಷ್ಟರಲ್ಲಿ ನಕ್ಷೆಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಖಾಲಿ ಚೌಕಗಳಿಗೆಲ್ಲ ಪೆನ್ಸಿಲ್‌ನಲ್ಲಿ ಮಲಗಿದ ಗೆರೆ ಹಾಕ್ತಾ ಕೂತಿದ್ದೀನಿ. ಸೋಮವಾರ 100 ಕುಣಿಕೆ ಹಾಕ್ತೀನಿ, 8 ನಂಬರಿನಲ್ಲಿ.