ಅಮ್ಮನ ಜೊತೆ ಡುಬ್ರೊವ್ನಿಕ್‌ಗೆ ಹೊರಟಿದ್ದೇವೆ, ಅಲ್ಲೇ ನಾಲ್ಕು ರಾತ್ರಿ ಇರುವುದು ಸರಿಯಾ?

ಪಿಜೆ ಬಡಾವಣೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಈ ದಸರಾ ರಜೆಗೆ ನಾನು, ಒಂಬತ್ತನೇ ಕ್ಲಾಸಿನ ಮಗಳು, ನಮ್ಮಮ್ಮ ಮೂವರೂ ಕ್ರೊಯೇಷಿಯಾಕ್ಕೆ ಹೊರಟಿದ್ದೇವೆ. ಅಮ್ಮನಿಗೆ 67. ಶುಗರ್ ಇದೆ, ಮಂಡಿ ನೋವಿದೆ. ಆದರೆ ಹೋಗಲೇಬೇಕು ಅನ್ನುವ ಹಟ ನಮ್ಮಿಬ್ಬರಿಗಿಂತ ಅವರಿಗೇ ಜಾಸ್ತಿ. ಅವರ ತವರು ಚಿತ್ರದುರ್ಗ, ಕೋಟೆ ಮೇಲೇ ಆಡಿ ಬೆಳೆದವರು. ಸಮುದ್ರದ ಪಕ್ಕದ ಕೋಟೆ ನೋಡಬೇಕು ಅಂತ ಡುಬ್ರೊವ್ನಿಕ್ ಅನ್ನು ಫೋಟೊ ನೋಡಿ ಅವರೇ ಆರಿಸಿದ್ದು.

ಟ್ರಾವೆಲ್ಸ್‌ನವರು ಕೊಟ್ಟಿರುವ ಪ್ಲಾನ್‌ನಲ್ಲಿ ಜಾಗ್ರೆಬ್, ಪ್ಲಿಟ್ವಿಟ್ಸೆ ಸರೋವರಗಳು, ಸ್ಪ್ಲಿಟ್, ಬೋಸ್ನಿಯಾದ ಮೊಸ್ತಾರ್ ಎಲ್ಲ ಇದೆ. ಡುಬ್ರೊವ್ನಿಕ್‌ಗೆ ಉಳಿಯುವುದು ಒಂದೇ ರಾತ್ರಿ. ದಿನಾ ಸೂಟ್‌ಕೇಸ್ ಕಟ್ಟು, ಬಸ್ ಹತ್ತು. ಇದು ಅಮ್ಮನಿಗೆ ಆಗುವುದಿಲ್ಲ ಅನ್ನಿಸುತ್ತಿದೆ. ಅದರ ಬದಲು ಡುಬ್ರೊವ್ನಿಕ್ ಒಂದರಲ್ಲೇ ನಾಲ್ಕು ರಾತ್ರಿ ಇದ್ದರೆ ಬೇಜಾರಾಗುತ್ತದಾ? ಕೋಟೆ ಗೋಡೆಯ ಮೇಲೆ ಮಂಡಿ ನೋವಿನವರು ನಡೆಯಬಹುದಾ? ಎಲ್ಲಿ ಉಳಿಯಬೇಕು? ನಾವು ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಜೋಗಿಮಟ್ಟಿ, ಚಿತ್ರದುರ್ಗ:

ಅಕ್ಕ, ಆ ಪ್ಲಾನ್ ಬಿಡಿ. ನಾಲ್ಕು ರಾತ್ರಿ ಅಲ್ಲೇ ಇರಿ. ಹೆಂಡತಿ ಜೊತೆ ಹೋಗಿ ಬಂದವನು ನಾನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ದುರ್ಗದ ಮಗಳು ಅಷ್ಟು ದೂರ ಹೋಗಿ ಆ ಕೋಟೆಯನ್ನು ಅರ್ಧ ದಿನದಲ್ಲಿ ನೋಡಿ ಬಂದರೆ ನನಗೇ ಸಂಕಟ ಆಗುತ್ತದೆ.

ಕಾರಣ ಹೇಳುತ್ತೇನೆ. ಹಡಗಿನಲ್ಲಿ ಬರುವ ಜನ ಬೆಳಿಗ್ಗೆ ಹತ್ತರ ಹೊತ್ತಿಗೆ ಊರೊಳಗೆ ನುಗ್ಗುತ್ತಾರೆ, ಸಂಜೆ ಹೊತ್ತಿಗೆ ವಾಪಸ್. ಒಂದು ಹೊತ್ತಿಗೆ ಎರಡು ಹಡಗು, 4,000 ಜನ ಅಂತ ಊರಿನವರು 2019ರಿಂದ ಮಿತಿ ಇಟ್ಟಿದ್ದಾರೆ. ಆದರೂ ಹಳೆ ಊರು ಬಹಳ ಚಿಕ್ಕದು. ನಡುವಿನ ದೊಡ್ಡ ಬೀದಿ ಸ್ಟ್ರಾಡುನ್ ಉದ್ದವೇ ಸುಮಾರು 300 ಮೀಟರ್. ಒಂದು ರಾತ್ರಿಯ ಪ್ಯಾಕೇಜ್‌ನವರು ಸಾಮಾನ್ಯವಾಗಿ ಆ ನೂಕುನುಗ್ಗಲಿನ ಹೊತ್ತಿಗೇ ಸರಿಯಾಗಿ ತಲುಪುತ್ತಾರೆ. ಅಲ್ಲೇ ಉಳಿದವರಿಗೆ ಬೆಳಗೂ ಸಿಗುತ್ತದೆ, ರಾತ್ರಿಯೂ ಸಿಗುತ್ತದೆ.

ಈಗ ಗೋಡೆ. ಊರನ್ನು ಸುತ್ತುವರಿದ ಗೋಡೆಯ ಒಟ್ಟು ಉದ್ದ 1,940 ಮೀಟರ್. ಕೆಲವು ಕಡೆ ಎತ್ತರ 25 ಮೀಟರ್. ನೆಲದ ಕಡೆ ದಪ್ಪ 6 ಮೀಟರ್‌ವರೆಗೂ ಇದೆ, ಸಮುದ್ರದ ಕಡೆ ಅದಕ್ಕಿಂತ ತೆಳು. ನಮ್ಮ ದುರ್ಗದಲ್ಲಿ ಬೆಟ್ಟ, ಬಂಡೆಗಳೇ ಅರ್ಧ ಕೆಲಸ ಮಾಡಿವೆ. ಏಳು ಸುತ್ತಿನ ಗೋಡೆ ಬಂಡೆಯಿಂದ ಬಂಡೆಗೆ ಹಾರಿಕೊಂಡು ಹೋಗುತ್ತದೆ. ಅಲ್ಲಿ ಹಾಗಲ್ಲ. ಒಂದೇ ಸುತ್ತು, ಎಲ್ಲೂ ಕಡಿಯದೆ ಊರನ್ನು ಬಳಸಿಕೊಂಡು ಬಂದು ಹೊರಟಲ್ಲಿಗೇ ಸೇರುತ್ತದೆ. ಒಳಗೆ ಜನ ಈಗಲೂ ಸಂಸಾರ ಮಾಡಿಕೊಂಡಿದ್ದಾರೆ. ಗೋಡೆ ಮೇಲೆ ನಡೆಯುವಾಗ ಪಕ್ಕದಲ್ಲೇ ಯಾರದೋ ಅಡುಗೆಮನೆ ಕಿಟಕಿ, ಒಣಹಾಕಿದ ಬಟ್ಟೆ, ನಿಂಬೆ ಗಿಡ ಕಾಣುತ್ತವೆ. ನನಗೆ ಸಮುದ್ರಕ್ಕಿಂತ ಇದೇ ಹೆಚ್ಚು ಹಿಡಿಸಿತು.

ಅಮ್ಮನ ಮಂಡಿ ವಿಷಯಕ್ಕೆ ಬರೋಣ. ಗೋಡೆಯ ಮೇಲೆ ನಡಿಗೆ ಒಂದೇ ದಿಕ್ಕಿಗೆ, ಅಪ್ರದಕ್ಷಿಣೆಯಾಗಿ. ಪಶ್ಚಿಮದ ಪಿಲೆ ಬಾಗಿಲಲ್ಲಿ ಹತ್ತಿದರೆ ಮೊದಲು ಕಡಿದಾದ ಮೆಟ್ಟಿಲು, ಆಮೇಲೆ ಸಮುದ್ರದ ಬದಿ. ಅದು ಮುಗಿದ ಮೇಲೆ ಹಳೆ ಬಂದರಿನ ಹತ್ತಿರ ಸೇಂಟ್ ಜಾನ್ ಕೋಟೆ ಬರುತ್ತದೆ. ಅಮ್ಮ ಅಲ್ಲೇ ಇಳಿದುಬಿಡಬಹುದು. ಕೆಳಗೆ ಬಂದರಿನಲ್ಲಿ ಕೂರಲು ಜಾಗ ಇದೆ. ಉಳಿದ ಅರ್ಧ, ಅಂದರೆ ಮಿನ್‌ಚೆಟಾ ಬುರುಜಿಗೆ ಏರುವ ಭಾಗ, ಬಹಳ ಏರು. ಅದನ್ನು ನೀವು, ಮಗಳು ಮಾಡಿ. ಊರಿನಲ್ಲೇ ಎತ್ತರದ ಬುರುಜು ಅದು, 1464ರಲ್ಲಿ ಮುಗಿಸಿದ್ದು. ಬಾಗಿಲು ತೆಗೆದ ತಕ್ಷಣ ಹತ್ತಿ. ಗೋಡೆ ಮೇಲೆ ನೆರಳು ಅನ್ನುವುದೇ ಇಲ್ಲ.

ಮೇಲಿನಿಂದ ಹಂಚುಗಳನ್ನು ಗಮನಿಸಲು ಮಗಳಿಗೆ ಹೇಳಿ. ಕೆಲವು ಮಾಸಿದ ಬಣ್ಣ, ಹೆಚ್ಚಿನವು ಹೊಸ ಕೆಂಪು. 1991ರ ಅಕ್ಟೋಬರ್‌ನಲ್ಲಿ ಯುಗೊಸ್ಲಾವ್ ಸೇನೆ ಊರಿಗೆ ಮುತ್ತಿಗೆ ಹಾಕಿತು. ನೀರು, ಕರೆಂಟ್ ಎರಡೂ ನಿಂತವು. ಆ ವರ್ಷ ಡಿಸೆಂಬರ್ 6ರಂದು ಬಿದ್ದ ಶೆಲ್‌ಗಳೇ ಅತಿ ಹೆಚ್ಚು ಹಾನಿ ಮಾಡಿದವು. ಹಳೆ ಊರಿನ ಮೂರರಲ್ಲಿ ಎರಡು ಪಾಲಿನಷ್ಟು ಕಟ್ಟಡಗಳಿಗೆ ಪೆಟ್ಟಾಗಿತ್ತು. ಹೊಸ ಹಂಚು ಆಮೇಲೆ ಹೊದಿಸಿದ್ದು. ಎಲ್ಲೆಲ್ಲಿ ಏನು ಹಾಳಾಯಿತು ಅಂತ ತೋರಿಸುವ ನಕ್ಷೆಯನ್ನು ಬಾಗಿಲ ಹತ್ತಿರ ಗೋಡೆಗೆ ಹಾಕಿದ್ದಾರೆ. ಗೋಡೆ ಹತ್ತುವ ಮೊದಲು ಅದನ್ನು ನಿಂತು ನೋಡಿ. ಈ ಒಂದು ವಿಷಯ ತಿಳಿಯದೆ ಅಲ್ಲಿ ಫೋಟೊ ತೆಗೆದುಕೊಂಡು ಬರುವವರನ್ನು ನೋಡಿದರೆ ನನಗೆ ನೋವಾಗುತ್ತದೆ.

ಇನ್ನೊಂದು, ನೀರು. ಅಕ್ಕ ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿ ಬೆಳೆದವರು ಯಾವ ಕೋಟೆಗೆ ಹೋದರೂ ಮೊದಲು ಕೇಳುವುದು ನೀರಿಗೆ ಏನು ಮಾಡಿದ್ದರು ಅಂತ ಅಲ್ವಾ? ನಮ್ಮವರು ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಅಲ್ಲೇ ಹಿಡಿದಿಟ್ಟರು. ಅವರು ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಕಾಲುವೆ ಕಟ್ಟಿ ತಂದರು. ಒನೊಫ್ರಿಯೊ ಅನ್ನುವ ಇಟಲಿಯ ಎಂಜಿನಿಯರ್ 1438ರ ಸುಮಾರಿಗೆ ಮಾಡಿದ ಕೆಲಸ. ಪಿಲೆ ಬಾಗಿಲು ದಾಟಿದ ಕೂಡಲೇ ಬಲಗಡೆ ಕಾಣುವ ಗುಂಡನೆಯ ದೊಡ್ಡ ಕಾರಂಜಿ ಅವನದೇ. ಸುತ್ತಲೂ 16 ಮುಖ, ಬಾಯಿಂದ ನೀರು. 1667ರ ಭೂಕಂಪದಲ್ಲಿ ಮೇಲಿನ ಅಲಂಕಾರ ಹೋಯಿತು, ಕಾರಂಜಿ ಉಳಿಯಿತು. ಆ ನೀರು ಈಗಲೂ ಕುಡಿಯಬಹುದು. ಬಾಟಲಿ ತುಂಬಿಸಿಕೊಳ್ಳಿ, ಸುಮ್ನೆ ಅಂಗಡಿಯಲ್ಲಿ ದುಡ್ಡು ಕೊಡಬೇಡಿ. ಅಮ್ಮನಿಗೆ ಆ ಕಟ್ಟೆಯ ಮೇಲೆ ಕೂರಿಸಿ ಇದೆಲ್ಲ ಹೇಳಿ.

ಉಳಿಯಲು ಲಪಾಡ್ ಕಡೆ ಮನೆ ನೋಡಿ. ಸಮುದ್ರದ ದಂಡೆಯವರೆಗೆ ಸಮತಟ್ಟಾದ ನಡೆಯುವ ಬೀದಿ ಇದೆ. 6ನೇ ನಂಬರ್ ಬಸ್ ನೇರ ಪಿಲೆ ಬಾಗಿಲಿಗೆ ಬಿಡುತ್ತದೆ. ಹಳೆ ಊರೊಳಗೇ ಬೇಕು ಅಂದರೆ ಬುಕ್ ಮಾಡುವ ಮೊದಲು ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಕೇಳಿ. ಸ್ಟ್ರಾಡುನ್‌ನ ಉತ್ತರಕ್ಕೆ ಇರುವ ಸಂದಿಗಳೆಲ್ಲ ಬರೀ ಮೆಟ್ಟಿಲುಗಳೇ. ಡುಬ್ರೊವ್ನಿಕ್ ಪಾಸ್ ತೆಗೆದುಕೊಳ್ಳಿ. ಗೋಡೆಯ ಟಿಕೆಟ್ ಒಂದಕ್ಕೇ ಹತ್ತಿರ ಹತ್ತಿರ ಅಷ್ಟು ದುಡ್ಡು. ಪಾಸ್‌ನಲ್ಲಿ ಗೋಡೆಯ ಜೊತೆಗೆ ಮ್ಯೂಸಿಯಂಗಳು, ಬಸ್ಸು ಎಲ್ಲ ಸೇರಿರುತ್ತದೆ.

ಎಂಸಿಸಿ ಬಿ ಬ್ಲಾಕ್, ದಾವಣಗೆರೆ:

ಮೇಡಂ, ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಮೆಡಿಕಲ್ ಶಾಪ್ ಇಟ್ಟಿರುವವನು, ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಪಿಲೆ ಬಾಗಿಲಿನಿಂದ ಒಳಗೆ ಬಂದರೆ ಎಡಗಡೆ ಫ್ರಾನ್ಸಿಸ್ಕನ್ ಮಠ. ಅಲ್ಲಿ 1317ರಿಂದ ಔಷಧಿ ಅಂಗಡಿ ಇದೆ. ಈಗಲೂ ವ್ಯಾಪಾರ ನಡೆಯುತ್ತದೆ, ಹಳೆ ಪಟ್ಟಿಯ ಪ್ರಕಾರ ಮಾಡಿದ ಕ್ರೀಮ್‌ಗಳು ಸಿಗುತ್ತವೆ. ಹಳೆಯ ಜಾಡಿಗಳು, ತಕ್ಕಡಿಗಳು ಒಳಗಿನ ಮ್ಯೂಸಿಯಂನಲ್ಲಿವೆ. ಮಠದ ಅಂಗಳ ತಂಪಾಗಿರುತ್ತದೆ, ಮೆಟ್ಟಿಲು ಕಾಟವಿಲ್ಲ. ಅಮ್ಮನವರಿಗೆ ಹೇಳಿ ಮಾಡಿಸಿದ ಜಾಗ.

ಪೂರ್ವದ ಪ್ಲೋಚೆ ಬಾಗಿಲ ಹೊರಗೆ ಲಾಜರೆಟಿ ಅಂತ ಕಲ್ಲಿನ ಕಟ್ಟಡಗಳ ಸಾಲು ಇದೆ. ಅದನ್ನೂ ಬಿಡಬೇಡಿ. ಪ್ಲೇಗ್ ಇರುವ ಕಡೆಯಿಂದ ಬಂದವರು ಒಂದು ತಿಂಗಳು ಊರ ಹೊರಗೆ ಇದ್ದೇ ಒಳಗೆ ಬರಬೇಕು ಅಂತ 1377ರಲ್ಲೇ ಈ ಊರು ಕಾನೂನು ಮಾಡಿತ್ತು. ಮೊದಮೊದಲು ದ್ವೀಪಗಳಲ್ಲಿ, ಪಕ್ಕದ ಊರಿನಲ್ಲಿ ಇಡುತ್ತಿದ್ದರು. ಲಾಜರೆಟಿ ಕಟ್ಟಿದ್ದು ಬಹಳ ಆಮೇಲೆ. ವ್ಯಾಪಾರವೇ ಜೀವ ಆಗಿದ್ದ ಊರು, ಹಡಗು ತಡೆದರೆ ನಷ್ಟ. ಆದರೂ ಬಂದವರನ್ನು ಪೂರ್ತಿ ಓಡಿಸದೆ, ಕಾಯಿಸಿ ಒಳಗೆ ಬಿಟ್ಟರು. ಕೊರೊನಾ ಕಾಲದಲ್ಲಿ ಅಂಗಡಿ ತೆರೆದು ಕೂತಿದ್ದ ನನಗೆ ಅಲ್ಲಿಂದ ಬೇಗ ಕಾಲು ಕೀಳಲು ಆಗಲಿಲ್ಲ.

ಶುಗರ್ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ. ಡಾಕ್ಟರ್ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಳ್ಳಿ. ನಮ್ಮ ಕಂಪನಿ ಹೆಸರುಗಳು ಅಲ್ಲಿ ನಡೆಯುವುದಿಲ್ಲ. ಇನ್ನೂ ಒಂದು: ಸ್ಟ್ರಾಡುನ್‌ನ ಸುಣ್ಣಕಲ್ಲು ಜನ ತುಳಿದು ತುಳಿದು ಕನ್ನಡಿ ಆಗಿದೆ. ಅಕ್ಟೋಬರ್‌ನಲ್ಲಿ ಮಳೆ ಶುರುವಾಗುತ್ತದೆ, ಒದ್ದೆಯಾದರೆ ಜಾರುತ್ತದೆ. ಅಮ್ಮನವರಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಕೊಡಿಸಿ. ಇಲ್ಲಿಂದಲೇ ಹಾಕಿ ಅಭ್ಯಾಸ ಮಾಡಿಸಿ.

ಪಿಜೆ ಬಡಾವಣೆ, ದಾವಣಗೆರೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಆ ನೀರಿನ ವಿಷಯ ಎರಡು ಸಲ ಓದಿಸಿದರು. ಮಗಳಿಗೆ ಮಾತ್ರ ಮೊಸ್ತಾರ್ ಸೇತುವೆ ಬೇಕಂತೆ. ಒಂದು ದಿನದಲ್ಲಿ ಹೋಗಿ ಬರಬಹುದಾ? ಸ್ಪ್ಲಿಟ್ ಕೂಡ ಇಟ್ಟುಕೊಳ್ಳಬಹುದಾ? ಊಟದ ಬಗ್ಗೆ ಯಾರೂ ಹೇಳಲಿಲ್ಲ.

ಜೋಗಿಮಟ್ಟಿ, ಚಿತ್ರದುರ್ಗ:

ಮೊಸ್ತಾರ್‌ಗೆ ಹೋಗುವುದಾದರೆ ವೀಸಾ ಅರ್ಜಿ ಹಾಕುವಾಗಲೇ ಯೋಚಿಸಿ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ನಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನಲ್ಲಿ, ದುಡ್ಡೂ ಅಂದಿನಿಂದ ಯೂರೊ. ಬೋಸ್ನಿಯಾ ಷೆಂಗೆನ್ ಹೊರಗೆ. ಒಂದೇ ಸಲ ಪ್ರವೇಶದ ವೀಸಾ ಇದ್ದರೆ ಮೊಸ್ತಾರ್‌ಗೆ ಹೋದವರು ಡುಬ್ರೊವ್ನಿಕ್‌ಗೆ ವಾಪಸ್ ಬರಲು ಆಗುವುದಿಲ್ಲ. ಹಲವು ಸಲ ಪ್ರವೇಶದ್ದೇ ಕೇಳಿ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನಕ್ಕೆ ಬಿಡಬೇಡಿ. 30,000 ಯೂರೊ ವಿಮೆ ಕಡ್ಡಾಯ. ನನ್ನ ಕೇಳಿದರೆ ಗಡಿಯಲ್ಲಿ ಕಾಯುವ ಆ ದಿನ ಅಮ್ಮನಿಗೆ ಬೇಡ. ಅದರ ಬದಲು ಹಳೆ ಬಂದರಿನಿಂದ ಲೊಕ್ರುಮ್ ದ್ವೀಪಕ್ಕೆ ದೋಣಿ ಹತ್ತಿ, ಕಾಲು ಗಂಟೆ ದಾರಿ. ನವಿಲುಗಳು ಓಡಾಡುವ ತೋಟ, ಹಳೆ ಮಠ ಇವೆ. ರಾತ್ರಿ ಅಲ್ಲಿ ಯಾರೂ ಉಳಿಯುವ ಹಾಗಿಲ್ಲ, ಕೊನೆ ದೋಣಿಯ ಸಮಯ ಕೇಳಿಟ್ಟುಕೊಳ್ಳಿ. ಇನ್ನೊಂದು ಸಂಜೆ ಕೇಬಲ್ ಕಾರಿನಲ್ಲಿ ಸರ್ಜ್ ಗುಡ್ಡಕ್ಕೆ ಹೋಗಿ. ಮೆಟ್ಟಿಲಿಲ್ಲದೆ ಇಡೀ ಕೋಟೆ ಅಮ್ಮನ ಕಣ್ಣಿಗೆ ಬೀಳುತ್ತದೆ. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಅದಕ್ಕೇ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಸ್ಪ್ಲಿಟ್ ಧಾರಾಳವಾಗಿ ಇಟ್ಟುಕೊಳ್ಳಿ. ಪೆಲ್ಯೆಶಾಟ್ಸ್ ಸೇತುವೆ 2022ರ ಜುಲೈನಲ್ಲಿ ತೆರೆದ ಮೇಲೆ ದಾರಿಯಲ್ಲಿ ಬೋಸ್ನಿಯಾ ದಾಟದೆಯೇ ಹೋಗಬಹುದು. ಬಸ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಟಿಕೆಟ್ ತೆಗೆಯುವಾಗ ಕೇಳಿ.

ನಿಟುವಳ್ಳಿ, ದಾವಣಗೆರೆ:

ಅಕ್ಕ, ಊಟದ ವಿಷಯ ನಾನು ಹೇಳುತ್ತೇನೆ. ನಮ್ಮತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಅವರೂ ಮೊಟ್ಟೆ ಮುಟ್ಟುವುದಿಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅರ್ಧ ಚಿಂತೆ ಹೋಯಿತು. ಅಕ್ಕಿ, ಮೊಸರು, ತರಕಾರಿ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಹಳೆ ಊರಿನ ಗುಂಡುಲಿಚ್ ಚೌಕದಲ್ಲಿ ಬೆಳಿಗ್ಗೆ ಸಂತೆ ಇರುತ್ತದೆ. ಹಣ್ಣು, ಒಣ ಅಂಜೂರ, ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ ಮಾರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ, ಬೇಗ ಹೋಗಿ. ಹೋಟೆಲ್‌ನಲ್ಲಿ ಬ್ಲಿಟ್ವಾ ಕೇಳಿ. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಅಷ್ಟೇ. ನಮ್ಮತ್ತೆಗೆ ಸೊಪ್ಪಿನ ಪಲ್ಯ ತಿಂದಷ್ಟೇ ಸಮಾಧಾನ ಆಯಿತು. ಸೂಪ್ ತರಕಾರಿಯದ್ದೇ ಅಂದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು, ಕೇಳದೆ ಕುಡಿಯಬೇಡಿ. ಕಪ್ಪು ರಿಸೊಟ್ಟೊ ಅನ್ನುವ ಅನ್ನದ ಕಪ್ಪು ಬಣ್ಣ ಒಂದು ಕಡಲ ಪ್ರಾಣಿಯ ಮಸಿಯಿಂದ ಬರುವುದು. ನೀವು ಅದರ ಹತ್ತಿರ ಹೋಗಬೇಡಿ.

ಇಲ್ಲಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿ ತೆಗೆದುಕೊಂಡು ಹೋಗಿ. ತುಪ್ಪ, ಬೆಣ್ಣೆ, ಪೇಡ, ಖೋವಾದ ಯಾವ ಸಿಹಿಯನ್ನೂ ಕಟ್ಟಬೇಡಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಕರಿಬೇವು, ಹಸಿಮೆಣಸಿನಕಾಯಿಗೂ ಬಿಡುವುದಿಲ್ಲ. ಒಣಗಿಸಿ ಪುಡಿ ಮಾಡಿದ ಮಸಾಲೆ ತರಬಹುದು. ಬೆಣ್ಣೆ ಅಲ್ಲಿಯೇ ಒಳ್ಳೆಯದು ಸಿಗುತ್ತದೆ, ಕೊಂಡು ಕಾಯಿಸಿಕೊಂಡರೆ ಅಮ್ಮನ ರೊಟ್ಟಿಗೆ ತುಪ್ಪ ಆಯಿತು.