ಕಾರ್ಡ್‌ಲೆಸ್ ಲ್ಯಾಂಡ್‌ಲೈನ್ ಫೋನ್: ಸೇವ್ ಮಾಡಿದ ನಂಬರ್ ಹೋಗ್ತಿಲ್ಲ, ಹೆಡ್‌ಸೆಟ್ ಮೈಕೂ ಇಲ್ಲ

ಪ್ರಶ್ನೆ (ಡೊಂಬಿವಲಿ): ಕಾಲರ್ ಲಿಸ್ಟಿನಿಂದ ಸೇವ್ ಮಾಡಿದ ಮೊಬೈಲ್ ನಂಬರ್ ಯಾವುದೂ ಹತ್ತುತ್ತಿಲ್ಲ. ಮೊಬೈಲಿನ ಹೆಡ್‌ಸೆಟ್ಟನ್ನು ಅಡಾಪ್ಟರ್ ಹಾಕಿ ಚುಚ್ಚಿದರೆ ಕೇಳಿಸುತ್ತದೆ, ಆದರೆ ನಮ್ಮ ದನಿ ಆಚೆಗೆ ಹೋಗದು.

ಉತ್ತರ (ಮಾಟುಂಗಾ): ಸೊನ್ನೆ ಬಿಟ್ಟಿದ್ದೀರಿ ಸರ್. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮುಂದೆ 0 ಕಡ್ಡಾಯ. ಕಾಲರ್ ಐಡಿಯಲ್ಲಿ ಬರೀ ಹತ್ತಂಕಿ ಬಂದಿದ್ದರೆ ಫೋನ್‌ಬುಕ್‌ನಲ್ಲೂ ಅಷ್ಟೇ ಕೂರುತ್ತದೆ. ಎಡಿಟ್‌ಗೆ ಹೋಗಿ, ಕರ್ಸರನ್ನು ಮೊದಲಂಕಿಗೆ ತಂದು 0 ಸೇರಿಸಿ. +91 ಇದ್ದರೆ ಅಳಿಸಿ. ಬೇರೆ ಊರಿನ ಲ್ಯಾಂಡ್‌ಲೈನುಗಳನ್ನೂ ಎಸ್‌ಟಿಡಿ ಕೋಡ್ ಸಮೇತ ಇಡಿ: ಹುಬ್ಬಳ್ಳಿ-ಧಾರವಾಡ 0836, ಪುಣೆ 020.

ಉತ್ತರ (ಪುಣೆ): ಒಂದು ಮಾತು. 0 ಸೇರಿಸಿದ ಮೇಲೆ ಕೆಲವು ಮಾಡೆಲ್‌ಗಳಲ್ಲಿ ಕರೆ ಬಂದಾಗ ಹೆಸರು ಕಾಣದು, ಯಾಕಂದ್ರೆ ಅಂಕಿಗಳು ತಾಳೆಯಾಗುವುದಿಲ್ಲ. ಹೆಡ್‌ಸೆಟ್ ವಿಷಯ: ಕಾರ್ಡ್‌ಲೆಸ್‌ನ ತೂತು ಸಾಮಾನ್ಯವಾಗಿ 2.5 ಮಿ.ಮೀ., ಅದರ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ. ಮೊಬೈಲಿನದು 3.5, ಗೆರೆ ಮೂರು. ಅಗ್ಗದ ಅಡಾಪ್ಟರ್ ಅಳತೆಯನ್ನಷ್ಟೇ ಬದಲಿಸುತ್ತದೆ. ಮೈಕಿನ ತಂತಿ ಪಿನ್ನಿನ ಮೇಲಿನ ತಪ್ಪು ಲೋಹದ ಉಂಗುರಕ್ಕೆ ತಾಗುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡು ಗೆರೆಯ 2.5 ಪಿನ್ ಹೆಡ್‌ಸೆಟ್ಟನ್ನೇ ಕೇಳಿ. ಹ್ಯಾಂಡ್‌ಸೆಟ್ಟನ್ನೂ ಜೇಬಿನಲ್ಲಿ ಒಯ್ಯಿರಿ, ಪಿನ್ ಪೂರ್ತಿ ಒಳಗೆ ಕಟ್ ಎಂದು ಕೂತರೆ ಮಾತ್ರ ದುಡ್ಡು ಕೊಡಿ.