ಲಂಕಾದವರು ದಿವಾಳಿ ಆದ ಮೇಲೆ ಸರ್ಕಾರ ನಡೆಸುವ ರೀತಿ ಬದಲಾಯಿತಾ? ಗೊತ್ತಿದ್ದವರು ಹೇಳಿ

ರಿಟೈರ್ಡ್ ಗುಮಾಸ್ತ, ಬೇಲೂರು:

ಎಲ್ಲರಿಗೂ ನಮಸ್ಕಾರ. 34 ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ಕಟ್ಟಿದವನು ನಾನು. ಹೋದ ವರ್ಷ ಮಗಳು, ಅಳಿಯ ಸೇರಿ ನಮ್ಮಿಬ್ಬರನ್ನು ಶ್ರೀಲಂಕಾ ಟೂರಿಗೆ ಕಳಿಸಿದ್ದರು. ಕ್ಯಾಂಡಿ ಕಡೆಯ ಬೆಟ್ಟ, ಮಳೆ, ಮೆಣಸಿನ ಬಳ್ಳಿ ನೋಡಿ ನಮ್ಮಾಕೆ "ಇದಕ್ಕೆ ವಿಮಾನ ಹತ್ತಬೇಕಿತ್ತಾ, ಮೂಡಿಗೆರೆ ಬಸ್ಸು ಹತ್ತಿದ್ದರೆ ಸಾಕಿತ್ತು" ಅಂದಳು. ಅದಿರಲಿ.

ವ್ಯಾನಿನ ಡ್ರೈವರ್ ಒಂದು ಕಡೆ ಚಹಾಕ್ಕೆ ನಿಲ್ಲಿಸಿದಾಗ ಪರ್ಸಿನಿಂದ ಒಂದು ಚೀಟಿ ತೆಗೆದು ತೋರಿಸಿದ. ಲ್ಯಾಮಿನೇಷನ್ ಮಾಡಿಸಿದ ಕ್ಯೂಆರ್ ಕೋಡ್. 2022ರಲ್ಲಿ ಬಂಕಿನಲ್ಲಿ ಅದನ್ನು ತೋರಿಸಿದರೆ ವಾರಕ್ಕೆ ಇಷ್ಟೇ ಲೀಟರ್ ಅಂತ ಅಳೆದು ಹಾಕುತ್ತಿದ್ದರಂತೆ. ಕೋಡ್ ಬರುವ ಮುಂಚೆ ಎರಡು ರಾತ್ರಿ ಕ್ಯೂನಲ್ಲೇ, ವ್ಯಾನಿನಲ್ಲೇ ಮಲಗಿದ್ದನಂತೆ. ಚೀಟಿಯ ಮೂಲೆ ಬಿಟ್ಟುಕೊಂಡಿದೆ, ಕಪ್ಪು ಮಾಸಿದೆ. ಇನ್ನೂ ಯಾಕಪ್ಪಾ ಇಟ್ಟುಕೊಂಡಿದ್ದೀಯ ಅಂದೆ. "ಮತ್ತೆ ಬೇಕಾದರೆ?" ಅಂದು ನಕ್ಕ.

ಇನ್ನೊಂದು ವಿಷಯ ಹೇಳಿದ. ಎರಡು ಕೋಟಿ ಚಿಲ್ಲರೆ ಜನಕ್ಕೆ ಅಲ್ಲಿ ಸುಮಾರು 15 ಲಕ್ಷ ಸರ್ಕಾರಿ ನೌಕರರು. ಆ ವರ್ಷ ಜೂನ್‌ನಲ್ಲಿ ಶುಕ್ರವಾರ ರಜೆ ಕೊಟ್ಟು, ಹಿತ್ತಲಲ್ಲಿ ತರಕಾರಿ ಬೆಳೆದುಕೊಳ್ಳಿ ಅಂದರಂತೆ. ಬೇಕಾದರೆ ಸಂಬಳವಿಲ್ಲದ ರಜೆ ಹಾಕಿ 5 ವರ್ಷ ಹೊರದೇಶಕ್ಕೆ ಹೋಗಿ ದುಡಿಯಿರಿ, ಸೀನಿಯಾರಿಟಿಗೂ ಪೆನ್ಷನ್ನಿಗೂ ತೊಂದರೆ ಇಲ್ಲ ಅಂದರಂತೆ. ಮಗಳ ಬಾಣಂತನಕ್ಕೆ 15 ದಿನ ಗಳಿಕೆ ರಜೆ ಕೇಳಿ ಸಾಹೇಬರ ಬಾಗಿಲಲ್ಲಿ ಮೂರು ದಿನ ನಿಂತವನು ನಾನು!

ನನ್ನ ಪ್ರಶ್ನೆ ಇಷ್ಟೇ. ಅಷ್ಟೆಲ್ಲಾ ಆದ ಮೇಲೆ ಅಲ್ಲಿ ಕುರ್ಚಿ ಮೇಲಿನವರು ಮಾತ್ರ ಬದಲಾದರಾ, ಇಲ್ಲಾ ಕುರ್ಚಿಯೂ ಬದಲಾಯಿತಾ?

ಪರೀಕ್ಷಾರ್ಥಿ, ಹಾಸನ:

ಸರ್, ಕೆಎಎಸ್‌ಗೆ ಓದುತ್ತಿದ್ದೇನೆ, ಈ ವಿಷಯ ಈಗಷ್ಟೇ ತಿರುವಿ ಹಾಕಿದ್ದು. 2019ರ ಕೊನೆಯಲ್ಲಿ ಗೊಟಬಯ ರಾಜಪಕ್ಸ ಅಧ್ಯಕ್ಷರಾಗಿ ಬಂದ ಕೂಡಲೇ ವ್ಯಾಟ್ ತೆರಿಗೆ ಶೇ 15ರಿಂದ 8ಕ್ಕೆ ಇಳಿಸಿದರು. ಹಿಂದೆಯೇ ಕೊರೊನಾ, ಪ್ರವಾಸಿಗರು ಬಂದ್. 2021ರಲ್ಲಿ ರಾಸಾಯನಿಕ ಗೊಬ್ಬರಕ್ಕೆ ಒಮ್ಮೆಗೇ ನಿಷೇಧ. 2022ರ ಏಪ್ರಿಲ್ 12ಕ್ಕೆ 'ವಿದೇಶಿ ಸಾಲ ಕಟ್ಟಲ್ಲ' ಅಂತ ಕೈ ಎತ್ತಿದರು. ಜುಲೈನಲ್ಲಿ ಜನ ಅಧ್ಯಕ್ಷರ ಮನೆಗೆ ನುಗ್ಗಿದ್ದು ಎಲ್ಲರೂ ನೋಡಿದ್ದೇವೆ.

ಕುರ್ಚಿ ಬದಲಾಯಿತಾ ಅಂತ ಕೇಳಿದಿರಲ್ಲ. ನನ್ನ ಪ್ರಕಾರ ದೊಡ್ಡದು 2023ರ ಸೆಂಟ್ರಲ್ ಬ್ಯಾಂಕ್ ಕಾಯ್ದೆ. ಮುಂಚೆ ಖಜಾನೆ ಖಾಲಿಯಾದರೆ ಸರ್ಕಾರ ಬ್ಯಾಂಕಿಗೆ ಹೇಳಿ ನೋಟು ಅಚ್ಚು ಹಾಕಿಸುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಬೆಲೆ ಏರಿಕೆ ಶೇ 70ರ ಹತ್ತಿರ ಹೋಗಿದ್ದಕ್ಕೆ ಅದೂ ಒಂದು ಕಾರಣ. ಈಗ ಆ ದಾರಿಗೆ ಕಾನೂನೇ ಬೇಲಿ ಹಾಕಿದೆ. ಅದೇ ವರ್ಷ ಹೊಸ ಭ್ರಷ್ಟಾಚಾರ ನಿಗ್ರಹ ಕಾಯ್ದೆಯೂ ಬಂತು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರ್ ಸಾಲ ಕೊಟ್ಟಿದ್ದು ಇಂಥ ಷರತ್ತುಗಳ ಮೇಲೆಯೇ.

ಸಕಲೇಶಪುರದ ಸೊಸೆ:

ಕಾಯ್ದೆ ಎಲ್ಲಾ ಸರಿ ತಮ್ಮಾ, ದುಡ್ಡು ಯಾರ ಜೇಬಿಂದ ಹೋಯಿತು ಅಂತಲೂ ಬರಿ. ಕರೆಂಟ್ ದರ 2022ರ ಆಗಸ್ಟಿನಲ್ಲಿ ಶೇ 75 ಜಾಸ್ತಿ, ಆರು ತಿಂಗಳಿಗೆ ಮತ್ತೆ ಶೇ 66. ವ್ಯಾಟ್ 8 ಇದ್ದದ್ದು 2024ರ ಜನವರಿಗೆ 18. ತೆರಿಗೆ ತಡೆಯಲಾರದೆ ಡಾಕ್ಟರುಗಳು ದೇಶ ಬಿಟ್ಟು ಹೋದರು. ಇಳಿಸಿದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು, ಅಲ್ವಾ?

ಕಾಫಿ ಕಣ, ಮೂಡಿಗೆರೆ:

ಲಂಕಾ ಯಾಕೆ ಸ್ವಾಮಿ, ನಮ್ಮ ಊರಿನದ್ದೇ ಕೇಳಿ. 1991ರಲ್ಲಿ ನಮ್ಮ ದೇಶವೂ ಚಿನ್ನ ಒತ್ತೆ ಇಟ್ಟಿತ್ತಲ್ಲ. ನರಸಿಂಹರಾವ್, ಮನಮೋಹನ ಸಿಂಗ್ ಅಂದರೆ ಎಲ್ಲರಿಗೂ ಕಾರ್ಖಾನೆ ಲೈಸೆನ್ಸ್ ತೆಗೆದದ್ದು ನೆನಪಾಗುತ್ತದೆ. ನಮಗೆ ನೆನಪಾಗುವುದು ಕಾಫಿ ಬೋರ್ಡಿನ ಪೂಲು.

ಈಗಿನ ಹುಡುಗರಿಗೆ ಗೊತ್ತಿಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದ ಕಾಫಿ ಎಲ್ಲಾ ಬೋರ್ಡು ಒಟ್ಟಿಗೆ ಸೇರಿಸಿ ಮಾರುವ ಪೂಲಿಗೇ ಹೋಗಬೇಕಿತ್ತು. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ಮಿಕ್ಕಿದ್ದನ್ನು ನಾವೇ ಮಾರಿದರೆ ಅಪರಾಧ. ಮೂಟೆ ಕೊಟ್ಟು ರಸೀದಿ ತಂದರೆ, ಕಾಫಿಯ ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಅಪ್ಪನ ಟ್ರಂಕಿನಲ್ಲಿ ಆ ರಸೀದಿಗಳು ಇನ್ನೂ ಇವೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಕಂತು ಬಂದರೆ ಅಂಗಡಿ ಸಾಲ, ಇನ್ನೊಂದು ಬಂದರೆ ಹೆಂಚು." ಹೆಂಚು ಹೊದಿಸಲು ನಾಲ್ಕು ಮಳೆಗಾಲ ಹಿಡಿಯಿತು.

1992ರ ಆಸುಪಾಸಿನಲ್ಲಿ ಶೇ 30ರಷ್ಟು ನಾವೇ ಮಾರಬಹುದು ಅಂದರು. ಆಮೇಲೆ 50. 1996ಕ್ಕೆ ಪೂರ್ತಿ ಬಿಟ್ಟರು. ಬ್ರೆಜಿಲ್‌ನಲ್ಲಿ 1994ರಲ್ಲಿ ಮಂಜು ಬಿದ್ದು ಗಿಡ ಸುಟ್ಟಿತ್ತು, ಬೆಲೆ ಗಗನಕ್ಕೆ ಹೋಯಿತು. ಊರಲ್ಲಿ ಜೀಪಿನ ಮೇಲೆ ಜೀಪು. 2001ರ ಹೊತ್ತಿಗೆ ಅದೇ ಬೆಲೆ ಪಾತಾಳಕ್ಕೆ. ಬೈಯಲು ಪೂಲೂ ಇಲ್ಲ! ಮತ್ತೆ ಪೂಲು ಬೇಕಾ ಅಂದರೆ ಬೇಡ ಅನ್ನುತ್ತೇನೆ. ಆದರೆ ಸುಧಾರಣೆಯ ಲೆಕ್ಕವನ್ನು ಮೊದಲ ವರ್ಷವೇ ಹಾಕಬೇಡಿ.

ಮತ್ತೆ ಆ ಕ್ಯಾಂಡಿ ಮೆಣಸಿನ ವಿಷಯ. ಅಲ್ಲಿಂದ ಬಂದ ಅಗ್ಗದ ಮಾಲಿನಿಂದ ನಾವು ಕಂಗಾಲಾಗಿ, 2017ರಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಬೇಕಾಯಿತು. ಮನೆಯವರಿಗೆ ಮೂಡಿಗೆರೆ ಬಳ್ಳಿಯೇ ಮೇಲು ಅಂತ ಹೇಳಿ.

ರಿಟೈರ್ಡ್ ಗುಮಾಸ್ತ, ಬೇಲೂರು:

ಹೇಳಿದೆ, ಖುಷಿಪಟ್ಟಳು. ಮೂರೂ ಜನಕ್ಕೆ ಥ್ಯಾಂಕ್ಸ್.

ನಿನ್ನೆ ಡ್ರೈವರಿಗೇ ವಾಟ್ಸಾಪ್ ಮಾಡಿದೆ. 2024ರಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಗೆದ್ದರು, ಸಂಸತ್ತಿನಲ್ಲಿ 225ಕ್ಕೆ 159 ಸೀಟು ತಂದರು, 2025ರ ಸೆಪ್ಟೆಂಬರಿನಲ್ಲಿ ಮಾಜಿ ಅಧ್ಯಕ್ಷರ ಸರ್ಕಾರಿ ಬಂಗಲೆಗಳನ್ನೂ ಕಾನೂನು ಮಾಡಿ ಬಿಡಿಸಿದರು. ಮಹಿಂದ ರಾಜಪಕ್ಸ ಮನೆ ಖಾಲಿ ಮಾಡಿದ ವಿಡಿಯೋ ಇವನೇ ಕಳಿಸಿದ್ದ. ಸರಿ, ನಿನ್ನ ಕೆಲಸ ಏನಾದರೂ ಸಲೀಸಾಯಿತಾ ಅಂತ ಕೇಳಿದೆ.

ವ್ಯಾನಿನ ಯಾವುದೋ ಕಾಗದಕ್ಕೆ ಕಚೇರಿಗೆ ಹೋಗಿದ್ದನಂತೆ. ಯಾರೂ ಲಂಚ ಕೇಳಲಿಲ್ಲವಂತೆ. ಆದರೆ ಸಹಿಯೂ ಹಾಕಲಿಲ್ಲವಂತೆ. ಮೂರು ವಾರದಿಂದ ಫೈಲು ಅದೇ ಮೇಜಿನ ಮೇಲಿದೆ.

ನನಗಂತೂ ಚೆನ್ನಾಗಿ ಅರ್ಥವಾಯಿತು. ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಪಕ್ಕದ ಸೆಕ್ಷನ್ನಿಗೆ ರೈಡ್ ಆಗಿತ್ತು. ಅದಾದ ಮೇಲೆ ಒಂದು ತಿಂಗಳು ನಾವ್ಯಾರೂ ಪೆನ್ನಿನ ಕ್ಯಾಪ್ ತೆಗೆದಿರಲಿಲ್ಲ. ಮೇಲಿನ ಸಾಹೇಬರು ಲಿಖಿತವಾಗಿ ಕೊಡಲಿ ಅಂತ ಕಾಯುತ್ತಾ ಕೂತಿದ್ದೆವು. ಫೈಲಿನ ಮೇಲೆ 'ಪರಿಶೀಲಿಸಿ ಮಂಡಿಸಿ' ಅಂತ ಬರೆದು ಕೆಳಗಿಳಿಸು ಅಂತ ಆ ಕಚೇರಿಯ ಸಾಹೇಬರಿಗೆ ಯಾರೋ ಹೇಳಿಕೊಟ್ಟಿರಬೇಕು, ಅದು ನಮ್ಮ ಕಡೆಯದೇ ವಿದ್ಯೆ. ಕಂಪ್ಯೂಟರಿನಲ್ಲಿ ಅರ್ಜಿ ಹಾಕಿ ಅಕ್ನಾಲೆಡ್ಜ್‌ಮೆಂಟ್ ತಗೋ, ದಿನಾಂಕ ಇರಲಿ ಅಂತ ಹೇಳಿದ್ದೇನೆ. ಏನಾಯಿತು ಅಂತ ಬರೆದರೆ ಇಲ್ಲೇ ಹಾಕುತ್ತೇನೆ.